ಬೇವಿನ ಬಾಕಿ

೯ ಏಪ್ರಿಲ್ ೧೯೬೩. ಬಸವಕಲ್ಯಾಣ. ಬೆಳಿಗ್ಗೆ

ಇವತ್ತೂ ಅತ್ತೆ ಮಲ್ಲಿಗೆ ಮೊಗ್ಗು ತಂದರು. ಹಳೇ ಧೋತರದ ಪಟ್ಟಿಯಲ್ಲಿ ಹರಡಿ, ಎದೆಗೆ ಬಿಗಿದು ಕಟ್ಟಿದರು. ಹಾಲು ಬತ್ತಲಿ ಅಂತ. ನಿನ್ನೆ ಕಟ್ಟಿದ್ದು ಬಿಚ್ಚಿದಾಗ ಹೂವೆಲ್ಲ ಕಂದಿ ಮುದ್ದೆಯಾಗಿತ್ತು. ಹಾಲು ಮಾತ್ರ ಬತ್ತಿಲ್ಲ. ಕುಡಿಯುವವಳು ಹೋದ ಸುದ್ದಿ ಅದಕ್ಕೆ ಯಾರೂ ಮುಟ್ಟಿಸಿಲ್ಲ.

ಇದು ಶಾಲೆಯ ಪಾಠದ ಡೈರಿ. ಹೆರಿಗೆ ರಜೆಯಲ್ಲಿ ಖಾಲಿ ಉಳಿದದ್ದು. ಪುಟದ ಮೇಲೆ ಅಚ್ಚು ಹಾಕಿದ್ದಾರೆ — ವಿಷಯ, ಪಾಠದ ಉದ್ದೇಶ, ಮಕ್ಕಳು ಕಲಿತದ್ದು. ಉದ್ದೇಶ: ಏನೂ ಇಲ್ಲ. ಬರೆಯುತ್ತ ಕೂತರೆ ‘ಟೀಚರ್ ಬಾಯಿಯವರು ಶಾಲೆ ಕೆಲಸ ಮಾಡಾಕತ್ತಾರ’ ಅಂತ ಯಾರೂ ಮಾತಾಡಿಸುವುದಿಲ್ಲ. ಅಷ್ಟೇ ಲಾಭ.

ತೊಟ್ಟಿಲ ಕಾರ್ಯಕ್ಕೆ ತಂದ ಬೆಲ್ಲ ಪಡಸಾಲೆಯಲ್ಲೇ ಇದೆ. ಇರುವೆ ಹತ್ತಿವೆ. ಎತ್ತಿಡಲು ಯಾರಿಗೂ ಕೈ ಬರುತ್ತಿಲ್ಲ. ಹೆಸರಿಡುವ ಮೊದಲೇ ಹೋದಳು. ಸೆಟೆದುಕೊಂಡಳು, ಬೆಳಗಾಗುವಷ್ಟರಲ್ಲಿ ಮುಗಿದಿತ್ತು.

ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಸುಮ್ಮನೆ ಉಂಡರು. ಆಮೇಲೆ ಎರಡು ತಂಬಿಗೆ ನೀರು ಕುಡಿದರು.

೧೧ ಏಪ್ರಿಲ್

ಸಮಾಧಾನ ಹೇಳುವವರ ಸಾಲು ಮುಗಿಯುತ್ತಿಲ್ಲ. ‘ಧೈರ್ಯ ತಗೋರಿ ಬಾಯಿ.’ ಎಲ್ಲಿಂದ ತಗೊಳ್ಳಲಿ, ಸಂತೆಯಲ್ಲಿ ಸಿಗುತ್ತದೆಯೇ? ‘ದೇವರು ಕೊಟ್ಟಿದ್ದ, ದೇವರು ಒಯ್ದ.’ ‘ಹೆಣ್ಣಕೂಸಲ್ಲೇನು, ಬಿಡವಾ’ ಅಂದಳೊಬ್ಬಳು. ಅವಳಿಗೆ ಚಹಾ ಕೊಡಲಿಲ್ಲ.

ಅತ್ತೆ ಏನೂ ಹೇಳುವುದಿಲ್ಲ. ಮೊರದ ತುಂಬ ಜೋಳ ತಂದು ಮುಂದಿಡುತ್ತಾರೆ.

“ಹರಳು ಭಾಳ ಅವ. ಹಸನ ಮಾಡು.”

ಮಾಡುತ್ತೇನೆ. ಕಲ್ಲು ಒಂದು ಕಡೆ, ಜೋಳ ಒಂದು ಕಡೆ. ಮುಗಿದರೆ ಮರುದಿನ ಮತ್ತೊಂದು ಮೊರ. ಈ ಸಲದ ಜೋಳ ಯಾವ ಹೊಲದ್ದೋ, ಇಷ್ಟು ಕಲ್ಲು!

೧೪ ಏಪ್ರಿಲ್. ಐತವಾರ

ಹುಮನಾಬಾದಿನಿಂದ ಇವರು ಬಂದಿದ್ದರು. ಅಲ್ಲಿ ಅಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸ, ವಾರಕ್ಕೊಮ್ಮೆ ಮನೆ. ಬಿಸ್ಕೀಟಿನ ಪುಡಿಕೆ ತಂದಿದ್ದರು. ಎದುರಿಗೆ ಕೂತರು. ನಾನೂ ಕೂತೆ. ದಿನವೂ ಚೀಲಗಟ್ಟಲೆ ತೂಗುವ ಮನುಷ್ಯ, ಈ ಭಾರ ಯಾವ ಕಡೆಯಿಂದ ಹಿಡಿದು ಎತ್ತಬೇಕು ತಿಳಿಯದೆ ನನ್ನ ಮುಖ ನೋಡುತ್ತಿದ್ದರು. ಹೋಗುವಾಗ ‘ಉಣ್ಣು’ ಅಂದರು. ಪಾಪ ಅನ್ನಿಸಿತು.

ಸಂಜೆ ಬಾವಿಗೆ ಹೋದವಳು ಕಟ್ಟೆಯ ಮೇಲೆ ಕೂತೆ. ಯಾಕೆ ಕೂತೆ ಗೊತ್ತಿಲ್ಲ. ನೀರು ತಣ್ಣಗೆ ಕಾಣುತ್ತಿತ್ತು. ತುಂಬ ಹೊತ್ತು ಕೂತಿರಬೇಕು. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಬಯ್ಯಲಿಲ್ಲ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡರು, ಕೊಡ ಎತ್ತಿಕೊಂಡರು.

“ನಾಳಿಂದ ನೀರು ನಾ ತರ್ತೀನಿ” ಅಂದರು.

೧೬ ಏಪ್ರಿಲ್

ಪಕ್ಕದ ಮನೆಯ ಕೂಸು ಅಳುತ್ತಿದೆ. ನಡುವೆ ಒಂದೇ ಗೋಡೆ. ಕಲಾಯಿ ಬದ್ರುದ್ದೀನನ ಮನೆ. ಊರವರ ತಾಮ್ರ ಹಿತ್ತಾಳೆಗೆಲ್ಲ ಅವನೇ ಕಲಾಯಿ ಹಾಕುವವನು. ಅವನ ಹೆಂಡತಿ ಜೈಬುನ್ನಿಸಾ, ನಾನು, ಇಬ್ಬರೂ ಒಟ್ಟಿಗೇ ಬಸುರಿದ್ದೆವು. ಗೋಡೆ ಮೇಲಿಂದ ಹುಣಸೆಕಾಯಿ ಹಂಚಿಕೊಂಡು ತಿಂದವರು. ನನ್ನದಾದ ಸ್ವಲ್ಪ ದಿನಕ್ಕೆ ಅವಳಿಗೆ ಗಂಡು. ಈಗ ಬಾಣಂತಿ ಜ್ವರ ನೆತ್ತಿಗೇರಿ, ಮೈಮೇಲೆ ಎಚ್ಚರವಿಲ್ಲದೆ, ಗುಲಬರ್ಗಾದ ದವಾಖಾನೆಗೆ ಒಯ್ದಿದ್ದಾರೆ. ಕೂಸು ಅಜ್ಜಿಯ ಹತ್ತಿರ. ಆಡಿನ ಹಾಲಲ್ಲಿ ಬತ್ತಿ ಅದ್ದಿ ಬಾಯಿಗಿಡುತ್ತಾಳಂತೆ. ಕಕ್ಕುತ್ತದಂತೆ.

ಅದು ಅತ್ತಾಗೆಲ್ಲ ನನ್ನ ಕುಪ್ಪಸ ನೆನೆಯುತ್ತದೆ. ಹೂವು, ಪಟ್ಟಿ, ಎಲ್ಲ ದಾಟಿ. ಕಿವಿ ಮುಚ್ಚಿಕೊಂಡರೂ ನೆನೆಯುತ್ತದೆ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

೧೭ ಏಪ್ರಿಲ್

ಬರೆದಿಡಬೇಕು. ಇವತ್ತಿನದು ಬರೆದಿಡಲೇಬೇಕು.

ಚಾಚಿ ಬಂದಳು — ಬದ್ರುದ್ದೀನನ ತಾಯಿ. ಸೆರಗಿನಲ್ಲಿ ಕೂಸು. ಹೊಸ್ತಿಲ ಹೊರಗೇ ನಿಂತಳು. ಕೂಸು ಈಗ ಅಳುತ್ತಲೂ ಇರಲಿಲ್ಲ, ಬೆಕ್ಕಿನ ಮರಿಯಂತೆ ಕುಂಯ್ ಅನ್ನುತ್ತಿತ್ತು.

“ಸರುಬಾಯಿ, ಬಕರಿ ಹಾಲು ನಿಂದ್ರವಲ್ದು ಇದರ ಹೊಟ್ಟ್ಯಾಗ. ಇವತ್ತ ನಾಳಿ ಅದ. ನಿನ್ನ ಸೊಸೀದು ದೂಧ್ ಬೇಕವಾ. ಅಲ್ಲಾನ್ನ ಬಿಟ್ರ ನಿನ್ನೇ ಕೇಳಾಕತ್ತೇನಿ.”

ಅತ್ತೆಯ ಮುಖ ನೋಡಿದೆ. ಅವರು ಬದ್ರುದ್ದೀನ ಕಲಾಯಿ ಹಾಕಿ ಕೊಟ್ಟ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತೊಳೆದು, ನೀರು ಚಿಮುಕಿಸಿ ಒಳಗೆ ಒಯ್ಯುವವರು. ಚಾಚಿಗೂ ಅದು ಗೊತ್ತು.

“ನಮ್ಮನಿ ದೇವರು ಏನಂದೀತು ಚಾಚಿ?” ಅಂದರು ಅತ್ತೆ, ಮೆಲ್ಲಗೆ.

ಕೂಸು ಮತ್ತೆ ಕುಂಯ್ ಅಂದಿತು. ನನ್ನ ಕುಪ್ಪಸ ನೆನೆಯಿತು. ಅತ್ತೆ ಅದನ್ನು ನೋಡಿದರು. ಬಾವಿ ಕಡೆ ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ ಬಂದು ನಿಂತರು. ಪಟ್ಟಿಯ ಗಂಟಿನ ಮೇಲೆ ಅವರ ಬೆರಳು.

“ಕೈ ಎತ್ತು. ಹೂ ಬಿಚ್ಚತೀನಿ.”

ಮೊಗ್ಗೆಲ್ಲ ನೆಲಕ್ಕೆ ಬಿತ್ತು. ಮೊದಲು ಅವನಿಗೆ ಹಿಡಿಯಲು ಬರಲಿಲ್ಲ. ಆಮೇಲೆ ಹಿಡಿದ. ಹಿಡಿದದ್ದು ಬಿಡಲಿಲ್ಲ. ಚಾಚಿ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಅಳಲಿಲ್ಲ. ನೋಡುತ್ತ ಕೂತೆ. ಇವನ ಕಿವಿ ನನ್ನ ಮಗಳ ಕಿವಿಯ ಹಾಗಿಲ್ಲ. ಅವಳದು ಮಡಚಿದಂತಿತ್ತು.

೨೫ ಏಪ್ರಿಲ್

ಹೆಸರು ಅಜೀಮುದ್ದೀನ್ ಅಂತೆ. ಇಷ್ಟು ಸಣ್ಣ ಜೀವಕ್ಕೆ ಇಷ್ಟುದ್ದ ಹೆಸರು! ನಾನು ಅಜೀಮ ಅನ್ನುತ್ತೇನೆ.

ಅತ್ತೆ ಕಾಯ್ದೆ ಮಾಡಿದ್ದರು — ಪಡಸಾಲೆಯಲ್ಲೇ ಕುಡಿಸಬೇಕು, ದೇವರ ಕೋಣೆಯ ಕಡೆ ತರಬಾರದು, ಪ್ರತಿಸಲವೂ ಸೀರೆ ಬದಲಿಸಬೇಕು. ಮೂರನೇ ದಿನಕ್ಕೆ ಸೀರೆಯ ಮಾತು ಬಿಟ್ಟರು. ನಿನ್ನೆ ಗಾಳಿಮಳೆ. “ಕೂಸಿಗೆ ಗಾಳಿ ಬಡೀತದ, ಒಳಗ ಬಾ” ಅಂದರು. ಒಳಗೆ ದೇವರ ಜಗುಲಿಗೆ ಬೆನ್ನು ಹಚ್ಚಿ ಕೂತೆ. ದೇವರು ಏನೂ ಅನ್ನಲಿಲ್ಲ.

ಚಾಚಿ ಪಕ್ಕದಲ್ಲಿ ಕೂತು ಹೇಳಿದಳು, “ಇನ್ನ ನೀ ಇವನ ದೂಧ್‌ಮಾ. ನಿನಗ ಮುಂದ ಮಕ್ಕಳಾದ್ರ ಇವಂಗ ಒಡಹುಟ್ಟಿದವರು. ನಮ್ಮಲ್ಲಿ ಹಾಲು ಅಂದ್ರ ರಕ್ತ ಇದ್ದಂಗ. ನಾಳೆ ಇವನ ಶಾದಿ ದಿನ, ಬರಾತ್ ಮೆರವಣಿಗಿ ಹೋಗೂ ಮುಂಚೆ, ನಿನ್ನ ಮುಂದ ಬಂದು ದೂಧ್ ಬಖ್ಷಿಸಿಕೋಬೇಕು, ಹಾಲಿಂದು ಮಾಫ ಮಾಡಸ್ಕೋಬೇಕು. ನೀ ‘ಬಖ್ಷೇನಿ’ ಅಂದ್ರನ ಇವನ ಋಣ ಹರೀತದ.”

“ಶಾದಿ ಮಾತು ಈಗ್ಯಾಕ ಚಾಚಿ, ಮೊದಲು ಕತ್ತು ನಿಲ್ಲಲಿ” ಅಂದರು ಅತ್ತೆ.

ಓಣಿಯಲ್ಲಿ ಮಾತು ಶುರುವಾಗಿದೆ. ಧೈರ್ಯ ಹೇಳಲು ಬಂದವರು ಈಗ ಬರುವುದಿಲ್ಲ. ಒಳ್ಳೆಯದೇ ಆಯಿತು, ಚಹಾ ಉಳಿಯಿತು.

೨೮ ಏಪ್ರಿಲ್. ಐತವಾರ

ಇವರು ಬಂದಾಗ ಅಜೀಮ ಮಡಿಲಲ್ಲಿದ್ದ. ಹೋದ ವಾರ ಇವರು ಬಂದಿರಲಿಲ್ಲ, ಕೂಸಿನ ವಿಷಯ ನಾವು ಹೇಳಿ ಕಳಿಸಿರಲೂ ಇಲ್ಲ. ಚಪ್ಪಲಿ ಬಿಟ್ಟು ಬಂದವರು ನಿಂತರು, ನೋಡಿದರು. ಅತ್ತೆ ಒಳಗಿನಿಂದ “ವೈಜಿನಾಥಾ, ಕೈಕಾಲು ತೊಳಕೋ, ಆಮ್ಯಾಲ ಕೇಳು” ಅಂದರು. ಇವರು ಕೈಕಾಲು ತೊಳೆದು ಬಂದು ಕೂಸನ್ನು ಎರಡೂ ಅಂಗೈ ಮೇಲೆ ತಗೊಂಡರು. ಒಂದು ಸಲ ಮೇಲೆ ಕೆಳಗೆ ಆಡಿಸಿದರು.

“ತೂಕ ಇನ್ನೂ ಕಮ್ಮಿ ಅದ. ಎಳ್ಳ ಅಮಾಸಿ ಹೊತ್ತಿಗೆ ಭರ್ತಿ ಮಾಡು” ಅಂದರು.

ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

೬ ಮೇ

ಗೊತ್ತಾಯಿತು. ಜೋಳದಲ್ಲಿ ಒಂದು ಕೆಂಪು ಹರಳು, ಒಂದು ಮೂಲೆ ಮುರಿದದ್ದು. ನಿನ್ನೆ ಆರಿಸಿ ತೆಗೆದದ್ದು ಇವತ್ತು ಮತ್ತೆ ಮೊರದಲ್ಲಿ. ಮೊನ್ನೆಯೂ ಇತ್ತು. ಹಿತ್ತಲಿಗೆ ಹೋಗಿ ನೋಡಿದೆ. ಅತ್ತೆ ನಾನು ಆರಿಸಿಟ್ಟ ಕಲ್ಲನ್ನೆಲ್ಲ ಗಡಿಗೆಯಿಂದ ತೆಗೆದು ಹಸನಾದ ಜೋಳಕ್ಕೆ ಮತ್ತೆ ಬೆರೆಸುತ್ತಿದ್ದರು! ಇಷ್ಟು ದಿನ ನಾನು ಆರಿಸಿದ್ದು ಅದೇ ಕಲ್ಲು, ಅದೇ ಜೋಳ.

“ಏನ್ರಿ ಅತ್ತಿ ಇದು?”

ಸಿಕ್ಕಿಬಿದ್ದ ಹುಡುಗಿಯಂತೆ ನಿಂತರು. “ನನ್ನ ಎರಡು ಕೂಸು ಹೋದಾಗ ನಮ್ಮ ಅತ್ತಿ ಹಿಂಗ ಮಾಡಿದ್ರು. ನನಗ ಗೊತ್ತಾಗೂದಕ್ಕ ವರ್ಷ ಹಿಡೀತು. ನೀ ಸಾಲಿ ಕಲತಾಕಿ, ಲಗೂನ ಹಿಡದಿ.”

ಅವರ ಎರಡು ಹೋದದ್ದು ನನಗೆ ಈವತ್ತೇ ತಿಳಿದದ್ದು. ಕೂತು ಇಬ್ಬರೂ ಒಂದೇ ಮೊರ ಹಸನು ಮಾಡಿದೆವು. ಆಗ ನನಗೆ ಅಳು ಬಂತು. ಮಗಳು ಹೋದ ಮೇಲೆ ಮೊದಲ ಸಲ, ಸರಿಯಾಗಿ, ಗಟ್ಟಿಯಾಗಿ.

೧೯ ಮೇ

ಗುಲಬರ್ಗಾದಿಂದ ಸುದ್ದಿ. ಜೈಬುನ್ನಿಸಾಗೆ ಜ್ವರ ಬಿಟ್ಟಿದೆ, ಗುರುತು ಹಿಡಿಯುತ್ತಾಳೆ, ಬರುವ ತಿಂಗಳು ಕಳಿಸುತ್ತಾರಂತೆ. ಚಾಚಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಬಾಯಿಗೂ ಹಾಕಿದಳು.

ಅವಳು ಬರದೇ ಹೋದರೆ —

ಇಷ್ಟು ಬರೆದು ಪೆನ್ನು ಎತ್ತಿಟ್ಟೆ. ಅವಳು ನನ್ನ ಗೆಳತಿ. ಹುಣಸೆಕಾಯಿಗೆ ಉಪ್ಪು ಹಚ್ಚಿ ಕೊಟ್ಟವಳು. ಇಂಥ ವಿಚಾರ ಎಲ್ಲಿಂದ ಬಂತು? ನನಗೆ ನಾನೇ ಹೇಸಿಗೆಯಾದೆ. ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ.

ಅವರು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. “ಬೀದಿ ನಾಯಿ ಅಂಗಳಕ್ಕ ಬರ್ತದ, ಹೋಗ್ತದ. ಬಂತಂದ ಕೂಡಲೆ ಅದು ನಮ್ಮದಾಗ್ತದೇನು? ನೀ ರೊಟ್ಟಿ ಹಾಕಬ್ಯಾಡ, ಅಷ್ಟ.”

ಹಾಕುವುದಿಲ್ಲ. ಆದರೂ ಅಂಗಳದಲ್ಲೇ ಮಲಗಿದೆ ಅದು.

೨೩ ಜೂನ್

ಜೈಬು ಬಂದಳು. ಕೂದಲು ಕತ್ತರಿಸಿದ್ದಾರೆ. ಬಳೆ ಮೊಳಕೈವರೆಗೆ ಜಾರುತ್ತವೆ. ಅಜೀಮನನ್ನು ತಗೊಂಡಳು. ಅವನು ಕಿಟಾರನೆ ಕಿರುಚಿ ನನ್ನ ಕಡೆ ಮುಖ ಹೊರಳಿಸಿದ. ನಾನು ಕೈ ಚಾಚಲಿಲ್ಲ. ಚಾಚದೆ ನಿಲ್ಲುವುದು ಎಷ್ಟು ಕಷ್ಟ ಅಂತ ಯಾರಿಗೆ ಹೇಳಲಿ?

“ದ್ರೌಪತಿ, ನನ್ನ ಮಗನಿಗೆ ನನ್ನ ಗುರುತು ಹೇಳವಾ” ಅಂದಳು. ನಗಲು ಹೋಗಿ ಕೂತುಬಿಟ್ಟಳು. “ನನಗ ಏನೂ ತಿಳಿವಲ್ದು. ಇವನ್ನ ಹೆತ್ತದ್ದು ನೆನಪಿಲ್ಲ. ಹ್ಯಾಂಗ ಹಿಡೀಬೇಕು ಅದೂ ಮರ್ತೇನಿ. ಎಲ್ಲಾರೂ ಅಲ್ಲಾಗ ಶುಕರ್ ಮಾಡು, ಖುಷಿ ಇರು ಅಂತಾರ. ನನಗ ಬರೇ ಅಂಜಿಕಿ ಬರ್ತದ.”

ಅವಳ ಹಾಲೂ ಬತ್ತಿದೆ. ನನ್ನ ಕೆಲಸ ಮುಗಿದಿಲ್ಲ ಅಂತ ಒಳಗೊಳಗೇ ಸಮಾಧಾನವಾಯಿತು, ಸುಳ್ಳು ಯಾಕೆ. ಶಾಲೆಗೆ ಹೋಗುವ ಮೊದಲು, ನಡುಬಿಡುವಿನಲ್ಲಿ, ಸಂಜೆ, ಬಂದು ಕುಡಿಸುತ್ತೇನೆ. ಉಳಿದ ಹೊತ್ತು ಅವನು ಅವಳ ಮಗ.

ಸಂಜೆ ಅವಳ ಮನೆಗೆ ಒಂದು ಮೊರ ಜೋಳ ಒಯ್ದೆ. “ಹರಳು ಭಾಳ ಅವ, ನನಗ ಕಣ್ಣು ಕಾಣವಲ್ದು, ಹಸನ ಮಾಡಿಕೊಡು” ಅಂದೆ. ಕೆಂಪು ಹರಳು ಹಾಕುವುದನ್ನು ಮರೆತಿರಲಿಲ್ಲ.

೨೭ ಡಿಸೆಂಬರ್ ೧೯೬೩

ಎಷ್ಟು ತಿಂಗಳಾಯಿತು ಡೈರಿ ತೆರೆದು. ಪುರಸೊತ್ತು ಇರಲಿಲ್ಲ, ಅದೇ ಸುಖ.

ನನಗೆ ಹುಮನಾಬಾದಿಗೆ ವರ್ಗವಾಗಿದೆ. ಬೇಡಿಕೊಂಡದ್ದು ಇವರೇ. ಬಜಾರಿನ ಹಿಂದೆ ಎರಡು ಕೋಣೆ ಹಿಡಿದಿದ್ದಾರೆ, ಅತ್ತೆಯೂ ಬರಬೇಕು. ಹೊಸ ವರ್ಷಕ್ಕೆ ಹಾಜರಾಗಬೇಕು. ಎಷ್ಟು ದಿನ ವಾರಕ್ಕೊಮ್ಮೆ ಗಂಡಹೆಂಡತಿ ಆಗಿರುವುದು ಅಂತಾರೆ, ತಪ್ಪಲ್ಲ.

ಅಜೀಮ ಗಂಜಿ ತಿನ್ನುತ್ತಾನೆ, ರೊಟ್ಟಿ ಚೀಪುತ್ತಾನೆ. ಆಕಳ ಹಾಲು ಒಗ್ಗಿದೆ. ಆದರೂ ನನ್ನ ಧ್ವನಿ ಕೇಳಿದರೆ ಅಂಬೆಗಾಲಲ್ಲಿ ಹೊಸ್ತಿಲು ದಾಟಿ ಬರುತ್ತಾನೆ. ಬಿಡಿಸಬೇಕು. ಬಿಡಿಸದೆ ಹೋದರೆ ಜೈಬುಗೆ ಸಂಭಾಳಿಸಲು ಆಗದು.

೩೦ ಡಿಸೆಂಬರ್

ಅತ್ತೆ ಬೇವಿನ ಸೊಪ್ಪು ಅರೆದು ಕೊಟ್ಟರು. ಎದೆಗೆ ಹಚ್ಚಿಕೊಂಡರೆ ಒಂದೇ ಸಲಕ್ಕೆ ಬಿಡುತ್ತಾನೆ, ಎಂಥ ಹಟಮಾರಿಯೂ ಬಿಟ್ಟಿದ್ದಾನೆ ಅಂದರು. ಜೈಬು ಎದುರಿಗೆ ಕೂತಿದ್ದಳು. ನನಗೆ ಹಚ್ಚಿಕೊಳ್ಳಲು ಕೈ ಬರಲಿಲ್ಲ. ಅವಳೇ ಹಚ್ಚಿದಳು. ಕಣ್ಣು ಎತ್ತಿ ನನ್ನನ್ನು ನೋಡಲಿಲ್ಲ.

ಅಜೀಮ ಬಂದ. ಬಾಯಿ ಹಾಕಿದ. ಮುಖ ಕಿವುಚಿದ, ಮೈಯೆಲ್ಲ ನಡುಗಿತು. ಬಾಯಿ ತೆಗೆದು ನನ್ನ ಮುಖ ನೋಡಿದ. ಇನ್ನು ಬಿಟ್ಟ ಅಂದುಕೊಂಡೆವು.

ಬಿಡಲಿಲ್ಲ. ಮತ್ತೆ ಬಾಯಿ ಹಾಕಿದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮೂಗಿನಿಂದ ನೀರು ಸುರಿಸುತ್ತ, ಆ ಕಹಿಯನ್ನೆಲ್ಲ ನೆಕ್ಕಿ ದಾಟಿ, ಕುಡಿದ. ಹೊಟ್ಟೆ ತುಂಬ ಕುಡಿದ.

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ನನ್ನಿಂದ ಆಗದು, ಆಗದು ಅಂದೆ. ಜೈಬು ಎದ್ದಳು. ಅವನನ್ನು ಎಳೆದು ತಗೊಂಡಳು. “ನೀ ಕೆಟ್ಟಾಕಿ ಆಗಬ್ಯಾಡ, ದ್ರೌಪತಿ. ನಾ ಆಗ್ತೀನಿ. ನಾ ಅವನ ಜೊತಿಗೆ ಇರಾಕಿ, ನನಗ ಮಾಫ ಮಾಡಾಕ ಅವನಿಗೆ ಟೈಮ್ ಅದ” ಅಂದಳು. ಹೋಗಿ ಕದ ಹಾಕಿಕೊಂಡಳು.

ಸಂಜೆವರೆಗೂ ಗೋಡೆಯಾಚೆ ಅತ್ತ. ಅತ್ತೆ ಮೊರ ತಂದು ಮುಂದಿಟ್ಟರು. ಕೆಂಪು ಹರಳು ಮೇಲೆಯೇ ಇತ್ತು.

೪ ಜನವರಿ ೧೯೬೪. ಹುಮನಾಬಾದ್

ಹೊಸ ಶಾಲೆ. ಹೊಸ ಕೋಣೆ. ಕಿಟಕಿ ತೆರೆದರೆ ಮೆಣಸಿನಕಾಯಿ ಘಾಟು. ಬಸ್ಸು ಹತ್ತುವಾಗ ಜೈಬು ಅವನನ್ನು ಕರೆತರಲಿಲ್ಲ. ತರಬೇಡ ಅಂದದ್ದು ನಾನೇ.

ಈ ದಿನಗಳಲ್ಲಿ ಮಲ್ಲಿಗೆ ಎಲ್ಲಿ ಸಿಗಬೇಕು? ಅತ್ತೆ ಒದ್ದೆ ಬಟ್ಟೆ ಕಟ್ಟಿದ್ದಾರೆ.

೨ ಅಕ್ಟೋಬರ್ ೧೯೬೬

ಜೈಬು, ಬದ್ರುದ್ದೀನ್ ಅಜೀಮನನ್ನು ಕರೆದುಕೊಂಡು ಬಂದಿದ್ದರು, ನನ್ನ ಕಾಶಿರಾಮನನ್ನು ನೋಡಲು. ಅಜೀಮ ತೊಟ್ಟಿಲು ಹಿಡಿದು ನಿಂತ. “ಇಂವ ನನ್ನ ತಮ್ಮ ಅಂತ, ಅಮ್ಮಿ ಹೇಳ್ಯಾಳ. ಹೌದೇನ್ರಿ ಬಾಯಮ್ಮ?” ಹೌದಪ್ಪಾ ಅಂದೆ. ನನ್ನನ್ನು ಬಾಯಮ್ಮ ಅನ್ನುತ್ತಾನೆ. ಮಿಕ್ಕದ್ದು ಏನೂ ನೆನಪಿಲ್ಲ ಅವನಿಗೆ. ನೆನಪಿರುವುದೂ ಬೇಡ.

ಜೈಬು ಮಲ್ಲಿಗೆ ದಂಡೆ ತಂದಿದ್ದಳು, ಬಾಣಂತಿಗೆ ಅಂತ. ದೇವರಿಗೆ ಏರಿಸಿಬಿಟ್ಟೆ. ಆ ವಾಸನೆ ಮೂಗಿಗೆ ಬಂದರೆ ಇನ್ನೂ ಎದೆ ಬಿಗಿಯುತ್ತದೆ. ಅವಳು ನೋಡಿದಳು.

೧೮ ಏಪ್ರಿಲ್ ೧೯೮೫. ಹುಮನಾಬಾದ್

ಟ್ರಂಕಿನ ತಳದಲ್ಲಿ ಇದೇ ಡೈರಿ. ಹಾಳೆ ಹಳದಿಯಾಗಿವೆ, ಖಾಲಿ ಇನ್ನೂ ಇವೆ. ಅತ್ತೆ ಹೋಗಿ ಆರು ವರ್ಷ. ಅವರ ಮೊರ ಇದೆ.

ಅಜೀಮನ ಮದುವೆ! ಅಪ್ಪ ಕಲಾಯಿ ಹಾಕುತ್ತಿದ್ದ, ಮಗ ಬಸವಕಲ್ಯಾಣದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಕಲಾಯಿಯ ಕೆಲಸವೇ ಇಲ್ಲದಂತೆ ಮಾಡಿದ ಅಂತ ಬದ್ರುದ್ದೀನ್ ನಗುತ್ತಾನೆ. ಹುಡುಗಿ ಈ ಊರಿನವಳೇ. ಜೈಬು ಬಂದು ಹೇಳಿದಳು, “ಬರಾತ್ ಸೀದಾ ಹುಡುಗಿ ಮನಿಗೆ ಹೋಗೂದಿಲ್ಲ. ಮೊದಲು ನಿನ್ನ ಬಾಗಲಾಗ ನಿಲ್ತದ. ನಂದು ನಾ ಬಖ್ಷತೀನಿ. ಆದರ ನಾ ಬರೇ ಹೆತ್ತಾಕಿ, ಒಂದೆರಡು ದಿನ ಕುಡಿಸಿದಾಕಿ. ಹಾಲಿಂದು ನಿಂದು.” ಚಾಚಿ ಅಂದು ಹೇಳಿದ ಮಾತು. ನಾನು ಮರೆತೇ ಬಿಟ್ಟಿದ್ದೆ.

ಹೂಂ ಅಂದೆ. ಅವಳು ಹೋದ ಮೇಲೆ ಅಂಜಿಕೆ ಶುರುವಾಯಿತು. ಒಂದು ಮಾತು ಅಂದರೆ ಋಣ ಹರಿಯುತ್ತದೆ. ಹರಿದ ಮೇಲೆ ನಾನು ಯಾರು ಅವನಿಗೆ? ಹುಮನಾಬಾದಿನ ಒಬ್ಬ ಟೀಚರು. ಇವರಿಗೆ ಹೇಳಿದೆ. “ತಕ್ಕಡಿ ಸಮ ಆದ್ರ ಗಿರಾಕಿ ಎದ್ದು ಹೋಗ್ತಾನ, ಖರೆ” ಅಂದರು. ಸಮಾಧಾನ ಹೇಳುವುದು ಇಷ್ಟು ವರ್ಷಕ್ಕೂ ಕಲಿಯಲಿಲ್ಲ ಈ ಮನುಷ್ಯ.

ಅಂದುಬಿಡಬೇಕು. ಅವನ ಶುಭದ ದಿನ. ಅನ್ನದೆ ಇರಲು ಹೇಗೆ ಬರುತ್ತದೆ...

೨೧ ಏಪ್ರಿಲ್. ಮಧ್ಯಾಹ್ನ

ಜೀಪು ಬಂದು ನಿಂತಿತು. ಬ್ಯಾಂಡಿನವರು ಒಂದು ನಿಮಿಷ ಸುಮ್ಮನಾದರು. ಅಜೀಮ ಇಳಿದ. ಮುಖ ಕಾಣುವುದಿಲ್ಲ, ಹಣೆಯಿಂದ ಮೊಳಕಾಲವರೆಗೆ ಸೆಹರಾ. ಎಲ್ಲ ಮಲ್ಲಿಗೆ ಮೊಗ್ಗು.

ಮೊಳಕಾಲೂರಿ ಬಾಗಿದ. ಸರವೆಲ್ಲ ನನ್ನ ಮಡಿಲಿಗೆ ಬಿತ್ತು. ಅದೇ ವಾಸನೆ. ಮುಖ ತಿರುಗಿಸಬೇಕು ಅಂದುಕೊಂಡೆ, ಆಗಲಿಲ್ಲ. ಹೂವಿನ ಒಳಗೆ ಅವನ ಉಸಿರು ಕೇಳುತ್ತಿತ್ತು.

“ಬಾಯಮ್ಮ, ದೂಧ್ ಬಖ್ಷ್ರಿ” ಅಂದ.

“ಬಖ್ಷೇನಿ ಮಗಾ” ಅಂದೆ. ಬಂತು ಬಾಯಿಗೆ, ಏನೂ ಕಷ್ಟವಾಗಲಿಲ್ಲ. “ಹಾಲಿಂದು ಎಲ್ಲಾ ಬಖ್ಷೇನಿ. ನಿನ್ನ ಮ್ಯಾಲ ನಂದೇನೂ ಇಲ್ಲ. ಆದರ ಬೇವಿಂದು ನಿಂದು ನನ್ನ ಮ್ಯಾಲ ಬಾಕಿ ಅದ. ಅದನ್ನ ನೀ ಬಖ್ಷಬ್ಯಾಡ. ಕೇಳಾಕ ಬರ್ತಾ ಇರು.”

ಅವನು ಸೆಹರಾ ಎತ್ತಿ ನೋಡಿದ. “ಯಾವ ಬೇವು?”

ನನ್ನನ್ನು ನೋಡಿದ, ಅವನ ತಾಯಿಯನ್ನು ನೋಡಿದ. ಜೈಬು ಓಢಣಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು. ನಕ್ಕಳೋ ಅತ್ತಳೋ. ಇಪ್ಪತ್ತು ವರ್ಷದ ಮೇಲಾಯಿತು, ಅವಳೂ ಅವನಿಗೆ ಹೇಳಿಲ್ಲ!

“ನಿಕಾಹ್ ಮುಗಸ್ಕೊಂಡು ಹುಡುಗೀನ ಕರಕೊಂಡು ಬಾ. ಇಬ್ಬರಿಗೂ ಹೇಳ್ತೀನಿ” ಅಂದೆ. ಬ್ಯಾಂಡು ಮತ್ತೆ ಶುರುವಾಯಿತು.

ಸಂಜೆ

ಒಂದು ಸರ ಕಿತ್ತು ನನ್ನ ಸೆರಗಿಗೆ ಸಿಕ್ಕಿಕೊಂಡು ಉಳಿದಿದೆ. ಕನ್ನಡಿ ಮುಂದೆ ನಿಂತೆ. ಅರ್ಧ ತಲೆ ನರೆತಿದೆ. ಈ ವಯಸ್ಸಿಗೆ ಮುಡಿದರೆ ಇವರು ನಗುತ್ತಾರೆ. ನಗಲಿ. ಹೇರ್‌ಪಿನ್ನು ಹುಡುಕಿ ಮುಡಿದೆ.

ಹಾರ್ನ್ ಕೇಳಿತು. ಜೀಪು ತಿರುವಿನಲ್ಲಿದೆ. ಬಾಗಿಲಿಗೆ ನೀರು ಇಡಬೇಕು, ಹೊಸ ಹುಡುಗಿ ಬರುತ್ತಾಳೆ. ಎಲ್ಲಿಂದ ಹೇಳಲಿ ಅವನಿಗೆ? ಬೇವಿನಿಂದ ಶುರು ಮಾಡಿದರೆ ತಿಳಿಯುವುದಿಲ್ಲ. ಬಾವಿಯಿಂದ... ಬೇಡ. ಮೊದಲು ಹೂವು, ಅತ್ತೆ ಗಂಟು ಬಿಚ್ಚಿದ್ದು. ಅಲ್ಲಿಂದಲೇ.